ಹಸಿ ಮಸಿಯಲ್ಲಿ ಮಡಿಸಿದ ಹಾಳೆ

೮ ಜನವರಿ ೧೯೮೮

ನೋಟು ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ನಿಜವಾದ ಹೆಸರು ನನಗೆ ತಿಳಿಯದು. ಪತ್ರಿಕೆಯಲ್ಲಿ ಹೀಗೆಂದೇ ಅಚ್ಚಾಗಿದೆ, ಆದ್ದರಿಂದ ಹೀಗೆ ಕರೆದಿದ್ದೇನೆ. ಪತ್ರಿಕೆಯ ಕಚೇರಿಯವರು ಈ ಕಾಗದವನ್ನು ನಿಮಗೆ ತಲುಪಿಸುತ್ತಾರೆಂದು ನಂಬಿದ್ದೇನೆ.

ನಾನು ಪುಸ್ತಕ ಬೈಂಡಿಂಗ್ ಮಾಡುವವಳು. ಇಲ್ಲಿನ ವಾಚನಾಲಯದವರು ನೋಟು ನಾಣ್ಯ ಸಂಗ್ರಹ ಮಾಡುವವರ ಪತ್ರಿಕೆಯ ಹಳೇ ಸಂಚಿಕೆಗಳನ್ನು ತಂದು, ವರ್ಷಕ್ಕೊಂದು ಸಂಪುಟ ಮಾಡಿಕೊಡಿ ಎಂದರು. ಪುಟ ಜೋಡಿಸುವಾಗ ನಿಮ್ಮ ಲೇಖನ ಕಣ್ಣಿಗೆ ಬಿತ್ತು. ಅಂಟಿನ ಕೈಯಲ್ಲೇ ನಿಂತು ಓದಿಬಿಟ್ಟೆ. ಪುಟದ ಅಂಚಿಗೆ ನನ್ನ ಬೆರಳಿನ ಗುರುತು ಕೂತಿದೆ. ವಾಚನಾಲಯದವರು ಕೇಳಿದರೆ ಲೇಖಕರದೇ ರುಜು ಎನ್ನಬೇಕು.

ಯುದ್ಧದ ಕಾಲದಲ್ಲಿ ಚಿಲ್ಲರೆ ಸಿಗದೆ ಸಣ್ಣ ಸಂಸ್ಥಾನವೊಂದು ಅವಸರದಲ್ಲಿ ಕಾಗದದ ನೋಟು ಅಚ್ಚು ಹಾಕಿಸಿದ್ದು, ಅದಕ್ಕೂ ಮೊದಲು ಮೂರು ಬಣ್ಣಗಳಲ್ಲಿ ಪ್ರೂಫ್ ತೆಗೆಸಿ ನೋಡಿದ್ದು, ಹಸಿರು ಒಪ್ಪಿಗೆಯಾಗಿ ಮಿಕ್ಕ ಬಣ್ಣದ ಹಾಳೆಗಳನ್ನು ಸುಟ್ಟದ್ದು, ಸುಡುವ ಮೊದಲು ಎಣಿಸಿದರೆ ಇಟ್ಟಿಗೆ ಕೆಂಪಿನದೊಂದು ಹಾಳೆ ಕಡಮೆ ಬಂದದ್ದು, ಎಲ್ಲವನ್ನೂ ಸರಿಯಾಗಿಯೇ ಬರೆದಿದ್ದೀರಿ. ಆಮೇಲೆ ಒಂದು ಸಾಲು ಬರುತ್ತದೆ. "ಮುದ್ರಣಾಲಯದ ಮೆಷಿನ್‌ಮನ್ ಒಬ್ಬನ ಕೈಚಳಕದಿಂದ ಹೊರಬಿದ್ದ ಆ ಹಾಳೆ ಕೈಯಿಂದ ಕೈಗೆ ದಾಟಿ ನನ್ನನ್ನು ಸೇರಿತು."

ಆ ಮೆಷಿನ್‌ಮನ್ ನನ್ನ ಅಪ್ಪ. ಮುದ್ರಣಾಲಯದಲ್ಲಿ ಎಲ್ಲರೂ ಮಸಿಯಣ್ಣ ಎನ್ನುತ್ತಿದ್ದರಂತೆ. ಆಗ ನನಗೆ ಎರಡು ವರ್ಷ. ಅಪ್ಪನನ್ನು ಕೆಲಸದಿಂದ ತೆಗೆದರು, ನಾವು ಊರು ಬಿಟ್ಟೆವು. ಅಪ್ಪ ಬೈಂಡಿಂಗ್ ಹಿಡಿದು ನಮ್ಮನ್ನು ಸಾಕಿದ. ಸಾಯುವವರೆಗೂ ಅವನು ಹೇಳಿದ್ದು ಒಂದೇ ಮಾತು, "ನಾನು ಮುಟ್ಟಿಲ್ಲ." ನಾನೂ ಅಮ್ಮನೂ ಆ ಮಾತನ್ನು ಹಿಡಿದುಕೊಂಡೇ ಬದುಕಿದ್ದೇವೆ.

ಕಾಗದದ ಕೆಲಸದವಳಾಗಿ ಒಂದು ವಿಷಯ ಕೇಳುತ್ತೇನೆ. ನೀವು ಅಚ್ಚು ಹಾಕಿಸಿದ ಚಿತ್ರದಲ್ಲಿ ಹಾಳೆ ನಾಲ್ಕು ಮಡಿಕೆಯಾಗಿದೆ. ಒಂದು ಮಗ್ಗುಲಿನ ನೋಟಿನ ಮೇಲಿರುವ ಕೊಕ್ಕರೆಯ ಮುದ್ರೆ ಎದುರು ಮಗ್ಗುಲಿಗೆ ತಿರುಗುಮುರುಗಾಗಿ, ಮಸುಕಾಗಿ ಹತ್ತಿಕೊಂಡಿದೆ. ಮಸಿ ಹಸಿಯಿರುವಾಗಲೇ ಯಾರೋ ಮಡಿಸಿದ್ದಾರೆ. ಮೆಷಿನ್ ಮೇಲೆ ಹದಿನೈದು ವರ್ಷ ನಿಂತವನು ಹಸಿ ಹಾಳೆ ಮಡಿಸುತ್ತಾನೆಯೇ? ನಾನು ಚಿಕ್ಕವಳಾಗಿದ್ದಾಗ ಹಸಿ ಲೇಬಲ್ ಒಂದನ್ನು ಮಡಿಸಿದ್ದಕ್ಕೆ ಅಪ್ಪ ಇಡೀ ದಿನ ಮಾತು ಬಿಟ್ಟಿದ್ದ. ಈ ಕೆಲಸ ಗೊತ್ತಿಲ್ಲದ ಯಾರೋ ಜೇಬಿಗಿಳಿಸಿದ್ದಾರೆ ಎನ್ನಿಸುತ್ತದೆ.

ನಿಮಗೆ ಆ ಹಾಳೆ ಯಾರಿಂದ ಬಂತು? ದಯವಿಟ್ಟು ತಿಳಿಸಿ.

ಇಂತಿ,
ಬೈಂಡಿಂಗ್ ಅಂಗಡಿಯವಳು

೨೫ ಜನವರಿ ೧೯೮೮

ಸೋದರಿಗೆ ಆಶೀರ್ವಾದಗಳು.

ನಿಮ್ಮ ಕಾಗದ ತಲುಪಿತು. ಸಂತೋಷ. ನಮ್ಮ ಪತ್ರಿಕೆಯನ್ನು ಇಷ್ಟು ಗಮನವಿಟ್ಟು ಓದುವವರಿದ್ದಾರೆಂದು ತಿಳಿದರೆ ಸಂಪಾದಕರೂ ಹಿಗ್ಗುತ್ತಾರೆ.

ನಾನು ಮೂವತ್ತೆರಡು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ಈಚೆಗೆ ನಿವೃತ್ತನಾದೆ. ಸಣ್ಣ ಸಂಸ್ಥಾನಗಳ ತುರ್ತು ನೋಟುಗಳ ಪ್ರೂಫ್ ಕೂಡಿಸುವುದೇ ನನ್ನ ಗೀಳು. ಚಲಾವಣೆಗೆ ಬಂದ ನೋಟು ಯಾರ ಹತ್ತಿರವಾದರೂ ಸಿಗುತ್ತದೆ. ಬಣ್ಣ ನೋಡಲೆಂದು ತೆಗೆದು ಬೇಡವೆಂದು ಬಿಟ್ಟದ್ದು ಮಾತ್ರ ಸಿಗುವುದಿಲ್ಲ.

ಆ ಹಾಳೆಯನ್ನು ನಾನು ಬಹಳ ವರ್ಷಗಳ ಹಿಂದೆ ಹಳೇ ಸಾಮಾನಿನ ಸಂತೆಯಲ್ಲಿ ಅಪರಿಚಿತನೊಬ್ಬನಿಂದ ಕೊಂಡೆ. ಅದಕ್ಕಿಂತ ಹೆಚ್ಚು ನನಗೆ ತಿಳಿಯದು. ಮಸಿ ಹತ್ತಿದ್ದರ ಬಗ್ಗೆ ನೀವು ತಪ್ಪು ತಿಳಿದಿದ್ದೀರಿ. ತೇವದ ಜಾಗದಲ್ಲಿ ಭಾರದ ಕೆಳಗೆ ವರ್ಷಾನುಗಟ್ಟಲೆ ಇಟ್ಟರೆ ಒಣಗಿದ ಮಸಿಯೂ ಎದುರು ಮಗ್ಗುಲಿಗೆ ಇಳಿಯುತ್ತದೆ. ನನ್ನ ಸಂಗ್ರಹದಲ್ಲಿ ಅಂಥವು ಬೇಕಾದಷ್ಟಿವೆ. ಬೈಂಡಿಂಗ್ ಬೇರೆ, ನೋಟಿನ ಪರೀಕ್ಷೆ ಬೇರೆ.

ಮೆಷಿನ್‌ಮನ್ ಸಂಗತಿ ಅಂದಿನ ವರದಿಯಲ್ಲಿ ಇದ್ದದ್ದೇ. ಯಾರನ್ನೂ ನೋಯಿಸುವ ಉದ್ದೇಶವಿರಲಿಲ್ಲ. ಮಾರ್ಚಿನಲ್ಲಿ ದೊಡ್ಡ ಪ್ರದರ್ಶನವಿದೆ. ಅದರ ಗಡಿಬಿಡಿಯಲ್ಲಿದ್ದೇನೆ.

ಇಂತಿ,
ನೋಟು ಮೇಷ್ಟ್ರು

೫ ಫೆಬ್ರವರಿ ೧೯೮೮

ಮೇಷ್ಟ್ರಿಗೆ ನಮಸ್ಕಾರಗಳು.

ಬಲ್ಲವರು ನೀವು, ಒಪ್ಪಿಕೊಂಡೆ. ಒಣಗಿದ ಮಸಿಯೂ ಇಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಕಾಗದ ಬಂದಂದಿನಿಂದ ಎರಡು ಹಳೇ ಲೇಬಲ್‌ಗಳನ್ನು ಒತ್ತುವ ಹಲಗೆಯ ಕೆಳಗೆ ಇಟ್ಟಿದ್ದೇನೆ. ಇಳಿಯಲು ಎಷ್ಟು ವರ್ಷ ಬೇಕೋ!

ಇನ್ನೊಂದೇ ಒಂದು ಪ್ರಶ್ನೆ, ಆಮೇಲೆ ತೊಂದರೆ ಕೊಡುವುದಿಲ್ಲ. ಸಂತೆಯಲ್ಲಿ ಹಾಳೆ ಮಾರಿದವನ ಕೈ ನೋಡಿದ್ದಿರಾ? ಅಪ್ಪನ ಎಡಗೈ ಹೆಬ್ಬೆರಳು ಒಮ್ಮೆ ಮೆಷಿನ್ನಿಗೆ ಸಿಕ್ಕಿತ್ತು. ತುದಿ ಚಪ್ಪಟೆಯಾಗಿ ಉಗುರೇ ಇರಲಿಲ್ಲ. ಒಮ್ಮೆ ನೋಡಿದವರು ಮರೆಯುವಂಥದ್ದಲ್ಲ. ಅಂಥ ಬೆರಳು ನೋಡಿಲ್ಲ ಎಂದು ನೀವು ಒಂದು ಸಾಲು ಬರೆದರೆ ಸಾಕು. ಅಮ್ಮನಿಗೆ ಓದಿ ಹೇಳಿ ಈ ವಿಷಯ ಇಲ್ಲಿಗೇ ಮುಗಿಸುತ್ತೇನೆ.

ಅಮ್ಮನಿಗೆ ಅರವತ್ತೆಂಟು. ನಿಮ್ಮ ಲೇಖನ ಅವಳಿಗೆ ತೋರಿಸಬಾರದಿತ್ತು. ತೋರಿಸಿಬಿಟ್ಟೆ.

ಇಂತಿ,
ಬೈಂಡಿಂಗ್ ಅಂಗಡಿಯವಳು

೨೭ ಫೆಬ್ರವರಿ ೧೯೮೮

ತಂಗಿಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ನೀವು ಕೇಳಿದ್ದು ಹಳೇ ಮಾತು. ಆದರೂ ಸುಳ್ಳು ಹೇಳಲಾರೆ. ಎಡಗೈ ಹೆಬ್ಬೆರಳಿನಲ್ಲಿ ಏನೋ ಊನವಿದ್ದ ಹಾಗೆ ಮಂಕಾಗಿ ನೆನಪಿದೆ. ಅವರೇ ಇರಬಹುದು, ಇಲ್ಲದೆಯೂ ಇರಬಹುದು. ಕಷ್ಟದ ಕಾಲ, ಮನುಷ್ಯ ಏನಾದರೂ ಮಾಡುತ್ತಾನೆ. ತಂದೆಯವರ ಬಗ್ಗೆ ಮನಸ್ಸು ಕೆಡಿಸಿಕೊಳ್ಳಬೇಡಿ.

ಹಾಳೆಯ ದೊಡ್ಡದೊಂದು ಫೋಟೋ ತೆಗೆಸಿ ಪ್ರದರ್ಶನ ಮುಗಿದ ಮೇಲೆ ಕಳಿಸುತ್ತೇನೆ.

ನೋಟು ಮೇಷ್ಟ್ರು

೨ ಏಪ್ರಿಲ್ ೧೯೮೮

ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಒಂದು ತಿಂಗಳು ಉತ್ತರ ಬರೆಯಲಾಗಲಿಲ್ಲ, ಮನ್ನಿಸಿ.

ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. "ಇನ್ನೊಂದ್ಸಲ ಓದು" ಅಂದಳು. ಓದಿದೆ. "ಆ ಬೆರಳಿನ ಮಾತು ಎಲ್ಲಿದೆ, ತೋರ್ಸು" ಎಂದು ಕನ್ನಡಕ ಹಾಕಿಕೊಂಡು ತಾನೇ ನೋಡಿದಳು. ಆಮೇಲೆ ಎದ್ದು ಹೋಗಿ ಅಪ್ಪನ ಫೋಟೋವನ್ನು ಗೋಡೆಯಿಂದ ಇಳಿಸಿ ಕಪಾಟಿನ ಹಿಂದೆ ಇಟ್ಟಳು. ಅಳಲಿಲ್ಲ, ಬೈಯಲಿಲ್ಲ. ಈಗ ಅಪ್ಪನ ಮಾತೆತ್ತಿದರೆ ಬೇರೆ ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಾಳೆ.

ಸುದ್ದಿ ಚಿಕ್ಕಪ್ಪನ ಕಿವಿಗೂ ಬಿತ್ತು. ಅಪ್ಪನ ಸ್ವಂತ ತಮ್ಮ. "ನಾನು ಅವತ್ತೇ ಹೇಳಿದ್ದೆ, ನೀವ್ಯಾರೂ ಕೇಳ್ಲಿಲ್ಲ" ಎಂದು ನಗುತ್ತಾ ಕಾಫಿ ಕುಡಿದು ಹೋದ. ಇಷ್ಟು ವರ್ಷ ಆ ಮಾತಿಗಾಗಿಯೇ ನಾವು ಅವನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈಗ ಅವನಿಗೆ ಏನೆಂದು ಹೇಳಲಿ?

ಅಪ್ಪನ ಪರವಾಗಿ ಕ್ಷಮೆ ಕೇಳಬೇಕು ಎನ್ನಿಸಿದೆ. ಯಾರನ್ನು ಕೇಳುವುದು? ಸಂಸ್ಥಾನ ಇಲ್ಲ, ಆ ಮುದ್ರಣಾಲಯ ಇಲ್ಲ, ಅಧಿಕಾರಿಗಳೂ ಸತ್ತಿರಬೇಕು. ಹಾಳೆ ನಿಮ್ಮ ಹತ್ತಿರ ಇದೆ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ನಮ್ಮಪ್ಪ ಮಾಡಿದ್ದು ತಪ್ಪು. ಕ್ಷಮಿಸಿ. ಮೊದಲ ಕಾಗದದಲ್ಲಿ ನಿಮ್ಮ ಎದುರು ಹೆಚ್ಚು ತಿಳಿದವಳಂತೆ ಮಾತಾಡಿದ್ದಕ್ಕೂ ಕ್ಷಮಿಸಿ.

ಇಂತಿ,
ಮಸಿಯಣ್ಣನ ಮಗಳು

೧೦ ಏಪ್ರಿಲ್ ೧೯೮೮

ಅಮ್ಮಾ,

ದಯವಿಟ್ಟು ನನ್ನ ಕ್ಷಮೆ ಕೇಳಬೇಡಿ. ಫೋಟೋ ಗೋಡೆಗೆ ಹಾಕಿ. ವಿವರವಾಗಿ ಬರೆಯುತ್ತೇನೆ.

ನೋಟು ಮೇಷ್ಟ್ರು

೪ ಮೇ ೧೯೮೮

ಮೇಷ್ಟ್ರಿಗೆ ನಮಸ್ಕಾರಗಳು.

ವಿವರವಾಗಿ ಬರೆಯುತ್ತೇನೆ ಎಂದಿರಿ, ಕಾಗದ ಬರಲಿಲ್ಲ. ಆರೋಗ್ಯ ಚೆನ್ನಾಗಿದೆಯೇ? ನಿಮ್ಮ ಹಾಳೆಗೆ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತೆಂದು ಹೊಸ ಸಂಚಿಕೆಯಲ್ಲಿ ಓದಿದೆ. ಅಭಿನಂದನೆಗಳು. ನೀವು ದೊಡ್ಡ ಮನಸ್ಸಿನಿಂದ ಫೋಟೋ ಹಾಕಿ ಎಂದಿರಿ. ಅಮ್ಮ ಮಾತ್ರ ಒಪ್ಪುತ್ತಿಲ್ಲ. "ಅವ್ರು ದೊಡ್ಡೋರು, ಮರ್ಯಾದೆಗೆ ಹಾಗಂತಾರೆ" ಅನ್ನುತ್ತಾಳೆ.

ಇಂತಿ,
ಮಸಿಯಣ್ಣನ ಮಗಳು

೧೯ ಮೇ ೧೯೮೮

ಅಮ್ಮಾ,

ಏಪ್ರಿಲ್‌ನಿಂದ ಈ ಕಾಗದವನ್ನು ಐದು ಸಲ ಬರೆದು ಹರಿದಿದ್ದೇನೆ. "ದೊಡ್ಡೋರು" ಎಂಬ ಮಾತು ಓದಿದ ಮೇಲೆ ಹರಿಯಲು ಕೈ ಬರಲಿಲ್ಲ.

ಸಂತೆ ಇಲ್ಲ, ಅಪರಿಚಿತ ಇಲ್ಲ. ಹಾಳೆ ನಮ್ಮ ಮನೆಯಲ್ಲೇ ಇತ್ತು. ನನ್ನ ಅಪ್ಪ ಆ ಸಂಸ್ಥಾನದ ಖಜಾನೆಯಲ್ಲಿ ಹೆಡ್ ಗುಮಾಸ್ತರಾಗಿದ್ದರು. ಪ್ರೂಫ್ ತೆಗೆಯುವಾಗ ಪಕ್ಕದಲ್ಲಿ ನಿಂತು ಕಾವಲು ಕಾಯುವುದು ಅವರ ಕೆಲಸ. ಹಾಳೆ ತೆಗೆದದ್ದು ಅವರೇ. ಮಸಿ ಆರುವ ಮುಂಚೆ ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದರು. ನೀವು ಚಿತ್ರ ನೋಡಿ ಹೇಳಿದ್ದು ಅಕ್ಷರಶಃ ನಿಜ. ತೇವ, ಭಾರ ಎಂದು ನಾನು ಬರೆದದ್ದು ಬಾಯಿ ಮುಚ್ಚಿಸಲು. ಅಂಥ ಹಾಳೆ ನನ್ನ ಸಂಗ್ರಹದಲ್ಲಿ ಬೇರೊಂದಿಲ್ಲ. ಆ ಲೇಬಲ್‌ಗಳನ್ನು ಹಲಗೆಯಿಂದ ತೆಗೆದುಬಿಡಿ.

ಆಗ ನನಗೆ ಹದಿನಾಲ್ಕು. ಅಪ್ಪನ ಬಿಳಿ ಅಂಗಿಯ ಜೇಬಿನಲ್ಲಿ ಇಟ್ಟಿಗೆ ಕೆಂಪಿನ ಕಲೆಯಾಗಿತ್ತು. ಅಮ್ಮ ಎರಡು ದಿನ ಉಜ್ಜಿ, ಹೋಗದೆ, ಕೊನೆಗೆ ಅಂಗಿಯನ್ನೇ ಹರಿದು ಒರೆಸುವ ಬಟ್ಟೆ ಮಾಡಿದಳು. ಎಣಿಕೆಯಲ್ಲಿ ಒಂದು ಹಾಳೆ ಕಡಮೆ ಬಂದಾಗ ವರದಿ ಬರೆಯುವ ಜವಾಬ್ದಾರಿ ಅಪ್ಪನ ಮೇಲೆಯೇ ಬಿತ್ತು. ಅವರು ನಿಮ್ಮ ತಂದೆಯ ಹೆಸರು ಬರೆದರು.

ಒಂದು ವಾರದ ಮೇಲೆ, ಮಧ್ಯಾಹ್ನ, ನಿಮ್ಮ ತಂದೆ ನಮ್ಮ ಮನೆಗೆ ಬಂದರು. ಅಪ್ಪ ಒಳಗಿನ ಕೋಣೆಯಿಂದ ನನಗೆ ಕೈಸನ್ನೆ ಮಾಡಿದರು. ನಾನು ಬಾಗಿಲಲ್ಲಿ ನಿಂತು "ಅಪ್ಪ ಮನೇಲಿಲ್ಲ" ಅಂದೆ. "ಪರವಾಗಿಲ್ಲಪ್ಪ, ಸ್ವಲ್ಪ ನೀರು ಕೊಡ್ತೀಯಾ?" ಎಂದರು. ಕೊಟ್ಟೆ. ಕುಡಿದು ಲೋಟ ವಾಪಸ್ ಕೊಡುತ್ತಾ, "ಅವ್ರು ಪಕ್ಕದಲ್ಲೇ ನಿಂತಿದ್ರು, ನಾನು ಮುಟ್ಟಿಲ್ಲ ಅಂತ ಅವ್ರಿಗೆ ಗೊತ್ತು. ಒಂದು ಮಾತು ಹೇಳಿದ್ರೆ ಸಾಕು. ಬಂದಿದ್ದೆ ಅಂತ ಹೇಳು" ಅಂದರು. ಲೋಟ ಹಿಡಿದ ಆ ಹೆಬ್ಬೆರಳನ್ನು ನಾನು ನೋಡಿದ್ದು ಆಗ. ನೀವು ಬೆರಳಿನ ಬಗ್ಗೆ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅದೇ. ಅದನ್ನೇ ತೆಗೆದು ನಿಮ್ಮ ತಂದೆಯ ಮೇಲೆ ಹೊರಿಸಿದೆ. ಅದೇ ಕಾಗದದಲ್ಲಿ "ಸುಳ್ಳು ಹೇಳಲಾರೆ" ಎಂದೂ ಬರೆದಿದ್ದೆ.

ಅಪ್ಪ ಕೊನೆಯ ಕಾಯಿಲೆಯಲ್ಲಿ ನನ್ನೆದುರು ಒಪ್ಪಿಕೊಂಡರು. ಯಾಕೆ ತೆಗೆದಿರಿ ಎಂದೆ. "ಚೆನ್ನಾಗಿತ್ತು ಕಣೋ. ಸುಟ್ಟಾಕ್ತಾರಲ್ಲ ಅನ್ನಿಸ್ತು. ಎಣಿಸ್ತಾರೆ ಅಂತ ಹೊಳೀಲಿಲ್ಲ" ಅಂದರು. ಅಷ್ಟೇ ಕಾರಣ. ಅವರು ಹೆದರಿ ಸುಮ್ಮನಿದ್ದರು. ನನಗೆ ಹೆದರಿಕೆಯೂ ಇರಲಿಲ್ಲ. ಲೇಖನ ಬರೆಯುವಾಗ, ಹಾಳೆ ಎಲ್ಲಿಂದ ಬಂತೆಂದು ಹೇಳದಿದ್ದರೆ ಖೋಟಾ ಅನ್ನುತ್ತಾರೆ ಎಂದು ಸಂಪಾದಕರು ಹೇಳಿದ ಕೂಡಲೇ ಹಳೇ ವರದಿಯ ಆ ಮಾತು ನೆನಪಾಯಿತು, "ಕೈಚಳಕ" ಎಂಬ ಪದವನ್ನು ನಾನಾಗಿಯೇ ಸೇರಿಸಿದೆ. ಓದಲು ಸ್ವಾರಸ್ಯವಾಗಿರಲಿ ಎಂದು. ಆ ಮೆಷಿನ್‌ಮನ್‌ಗೆ ಮಗಳಿರಬಹುದು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ನಿಮ್ಮ ಮೊದಲ ಕಾಗದ ಬಂದಾಗಲೇ ನಿಜ ಬರೆಯಬಹುದಿತ್ತು. ಪ್ರದರ್ಶನ ಹತ್ತಿರವಿತ್ತು. ಪದಕ ಬೇಕಿತ್ತು.

ಪದಕ ಬಂದಿದೆ. ಹೆಂಡತಿ ಅದನ್ನು ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಊಟಕ್ಕೆ ಕೂತಾಗ ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ. ಅವಳು ಏನಾಯಿತೆಂದು ಕೇಳಿದಳು. ಅವಳಿಗೂ ಇನ್ನೂ ಹೇಳಿಲ್ಲ.

ನಿಮ್ಮ ತಂದೆ ಮುಟ್ಟಿರಲಿಲ್ಲ. ನಿಮ್ಮ ತಾಯಿಗೆ ಓದಿ ಹೇಳಿ.

ಹೆಡ್ ಗುಮಾಸ್ತರ ಮಗ

೩ ಜುಲೈ ೧೯೮೮

ಹೆಡ್ ಗುಮಾಸ್ತರ ಮಗನಿಗೆ,

ಇನ್ನು ಮೇಲೆ ತಂಗಿ, ಅಮ್ಮಾ ಎಂದೆಲ್ಲ ಬರೆಯಬೇಡಿ.

ನಿಮ್ಮ ಕಾಗದ ಬಂದು ಆರು ವಾರವಾಯಿತು. ಮೊದಲ ವಾರ ಯಾರಿಗೂ ತೋರಿಸಲಿಲ್ಲ. ನನ್ನ ಅಪ್ಪ ಕಳ್ಳ ಎಂದು ಒಪ್ಪಿಕೊಳ್ಳಲು ನನಗೆ ನಿಮ್ಮ ಒಂದು ಸಾಲು ಸಾಕಾಯಿತಲ್ಲ, ಅದಕ್ಕೆ ನಾಚಿಕೆಯಾಯಿತು. ಹಸಿ ಮಸಿಯನ್ನು ಕಣ್ಣಾರೆ ಕಂಡಿದ್ದೆ. ಕಂಡದ್ದನ್ನು ಬಿಟ್ಟು ನಿಮ್ಮ ಮಾತು ನಂಬಿದೆ. ನಿಮ್ಮ ಕಾಗದದ ತಲೆಯಲ್ಲಿ ನೋಟು ಸಂಗ್ರಹ ಮಾಡುವವರ ಸಂಘದ ಮುದ್ರೆ ಇತ್ತು, ಅಕ್ಷರ ಮುತ್ತಿನಂತಿದ್ದವು, ನಂಬಿಬಿಟ್ಟೆ.

ಆಮೇಲೆ ಅಮ್ಮನಿಗೆ ಓದಿದೆ. ನೀರು ಕೊಟ್ಟ ಜಾಗ ಬಂದಾಗ "ಸಾಕು" ಅಂದಳು. ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಳು. ಫೋಟೋ ಹಾಕಲೇನಮ್ಮಾ ಎಂದೆ. "ನಾನು ಹಾಕೋ ಹಾಗಿಲ್ಲ. ಬೇಕಾದ್ರೆ ನೀನು ಹಾಕು" ಎಂದಳು. ನನಗೆ ಅರ್ಥವಾಗಲಿಲ್ಲ. ನಾಲ್ಕು ದಿನ ಬಿಟ್ಟು ತಾನಾಗಿಯೇ ಹೇಳಿದಳು.

ಸಂಸ್ಥಾನದವರು ಮನೆ ಶೋಧನೆಗೆ ಬಂದ ದಿನ ಅಪ್ಪನ ಪೆಟ್ಟಿಗೆಯ ಬೀಗ ತೆಗೆದುಕೊಟ್ಟವಳು ಅಮ್ಮನೇ. ಅವರು ಹೋದ ಮೇಲೆ ಅಪ್ಪನನ್ನು ಕೇಳಿದಳಂತೆ, "ನಿಜ ಹೇಳಿ, ಎಲ್ಲಿಟ್ಟಿದ್ದೀರಿ? ನಾನು ಹೋಗಿ ಕೊಟ್ಟು ಕಾಲು ಹಿಡೀತೀನಿ." ಅಪ್ಪ "ನೀನೂನಾ?" ಎಂದನಂತೆ, ಅಷ್ಟೇ. ಅಲ್ಲಿಂದಾಚೆ ಇಪ್ಪತ್ತಾರು ವರ್ಷ ಜೊತೆಗೆ ಬದುಕಿದರು. ಆ ಮಾತು ಇಬ್ಬರೂ ಎತ್ತಲಿಲ್ಲ. ನಂಬುತ್ತೇನೆ ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದಳು. ಅಪ್ಪನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಅವನು ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಈಗ ಹೇಳೋಣವೆಂದರೆ ಅವನಿಲ್ಲ. ನೀವು ನಿಜ ಬರೆದದ್ದು ನಮಗೆ ಸಮಾಧಾನ ತರಲಿಲ್ಲ. ನಿಮಗೆ ತಿಳಿದಿರಲಿ ಎಂದು ಬರೆದಿದ್ದೇನೆ.

ಅಪ್ಪನನ್ನು ಯಾವ ಪತ್ರಿಕೆಯಲ್ಲಿ ಕಳ್ಳನೆಂದಿರೋ ಅದೇ ಪತ್ರಿಕೆಯಲ್ಲಿ, ನಿಮ್ಮ ಸ್ವಂತ ಹೆಸರು ಹಾಕಿ, ನಡೆದದ್ದನ್ನು ಬರೆಯಿರಿ. ಅಡ್ಡಹೆಸರು ಬೇಡ.

ಮಸಿಯಣ್ಣನ ಮಗಳು

೨೧ ಆಗಸ್ಟ್ ೧೯೮೮

ಮಸಿಯಣ್ಣನವರ ಮಗಳಿಗೆ,

ಬರೆದುಕೊಟ್ಟೆ. ಸಂಪಾದಕರು ಮೊದಲು ಒಪ್ಪಲಿಲ್ಲ. "ಯಾಕ್ರೀ ಸತ್ತವರನ್ನ ಎಬ್ಬಿಸ್ತೀರಾ? ಸಂಘದ ಮರ್ಯಾದೆ ಪ್ರಶ್ನೆ" ಎಂದರು. ಹಾಗಿದ್ದರೆ ಸಭೆಯಲ್ಲಿ ಓದುತ್ತೇನೆ ಎಂದೆ. ಕಳೆದ ಭಾನುವಾರ ಓದಿದೆ. ಸುಮಾರು ಅರವತ್ತು ಜನ ಇದ್ದರು. ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಅವಳಿಗೆ ಹಿಂದಿನ ದಿನ ಹೇಳಿದ್ದೆ. "ನೀರು ಕೇಳ್ದೋರಿಗೆ ಸುಳ್ಳು ಹೇಳಿದ್ರಾ?" ಎಂದಿದ್ದಳು.

ಮುಗಿದ ಮೇಲೆ ಜನ ಉಗಿಯುತ್ತಾರೆ ಎಂದು ಸಿದ್ಧನಾಗಿ ನಿಂತಿದ್ದೆ. ಉಗಿದಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನಿಂದ ಒಬ್ಬ ವ್ಯಾಪಾರಿ ಎದ್ದು, "ಮೇಷ್ಟ್ರೇ, ಇಂಥ ಕಥೆ ಇರೋ ಹಾಳೆಗೆ ಈಗ ಮೂರರಷ್ಟು ಬೆಲೆ. ಕೊಡೋದಾದ್ರೆ ಮೊದ್ಲು ನನಗೆ ಹೇಳಿ" ಎಂದ. ನಾಲ್ಕೈದು ಜನ ನಕ್ಕರು. ಹೊರಗೆ ಬಂದಾಗ ಇಬ್ಬರು ನನ್ನ ಕೈ ಕುಲುಕಿ ಧೈರ್ಯವಂತ ಎಂದು ಹೊಗಳಿದರು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಇದರಲ್ಲೂ ನನಗೇ ಲಾಭವಾಯಿತು ನೋಡಿ.

ಪದಕ ಹಿಂದಿರುಗಿಸಿದೆ. ಮುಂದಿನ ಸಂಚಿಕೆಯಲ್ಲಿ ಬರಹ ನನ್ನ ಸ್ವಂತ ಹೆಸರಿನಲ್ಲಿ ಬರುತ್ತದೆ. ಸಂಪಾದಕರು ಕೊನೆಗೆ ಒಪ್ಪಿದರು. ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ರಿಜಿಸ್ಟರ್ ಅಂಚೆಯಲ್ಲಿ ನಿಮ್ಮ ತಾಯಿಯವರ ಹೆಸರಿಗೆ ಕಳಿಸುತ್ತಿದ್ದೇನೆ. ಕಾಣಿಕೆಯಲ್ಲ, ಪರಿಹಾರವೂ ಅಲ್ಲ. ಅದನ್ನು ಅಚ್ಚು ಹಾಕಿದವರು ನಿಮ್ಮ ತಂದೆ. ನನ್ನ ಮನೆಯಲ್ಲಿ ಅದು ಇರಬಾರದು. ಸುಡಿ, ಮಾರಿ, ಇಟ್ಟುಕೊಳ್ಳಿ, ನಾನು ಕೇಳುವುದಿಲ್ಲ.

ನಿಮ್ಮ ಉತ್ತರ ನಿರೀಕ್ಷಿಸುವ ಯೋಗ್ಯತೆ ನನಗಿಲ್ಲ.

ಹೆಡ್ ಗುಮಾಸ್ತರ ಮಗ

೧೪ ಸೆಪ್ಟೆಂಬರ್ ೧೯೮೮

ಹೆಡ್ ಗುಮಾಸ್ತರ ಮಗನಿಗೆ,

ಹಾಳೆ ತಲುಪಿತು. ಪತ್ರಿಕೆಯೂ ಬಂತು. ಒಂದು ಪ್ರತಿಯನ್ನು ಚಿಕ್ಕಪ್ಪನ ಮನೆಗೆ ನಾನೇ ಕೊಟ್ಟು ಬಂದೆ. ಅವನು ಎರಡು ಪುಟವನ್ನೂ ಓದಿ, ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡು, ಆ ದಿನ ಕಾಫಿ ಕುಡಿಯದೆಯೇ ಎದ್ದು ಒಳಗೆ ಹೋದ.

ನಿಮ್ಮ ಹಾಳೆಯನ್ನು ಅಮ್ಮನ ಮುಂದೆ ಮೇಜಿನ ಮೇಲೆ ಬಿಚ್ಚಿಟ್ಟೆ. ಇಷ್ಟು ವರ್ಷ ಇದೊಂದು ಹಾಳೆಯ ದೆಸೆಯಿಂದ ಬದುಕೇ ಬುಡಮೇಲಾಯಿತು, ಅವಳು ಅದನ್ನು ನೋಡಿದ್ದು ಮಾತ್ರ ಇದೇ ಮೊದಲು. ಬೆರಳು ತಾಗಿಸದೆ ಬಗ್ಗಿ ನೋಡಿದಳು. ಎಂಟು ನೋಟು, ಎಂಟು ಕೊಕ್ಕರೆ. ಒಂದೊಂದರ ಗರಿಯ ಗೆರೆಯೂ ಬಿಡಿಬಿಡಿಯಾಗಿ ಬಿದ್ದಿದೆ. ಮಸಿ ಎಲ್ಲೂ ಹೆಚ್ಚಿಲ್ಲ, ಕಡಮೆಯಿಲ್ಲ. ಬೈಂಡಿಂಗ್ ಬೇರೆ ಎಂದಿದ್ದಿರಿ. ಒಳ್ಳೇ ಅಚ್ಚು ನೋಡಿದರೆ ನನಗೂ ತಿಳಿಯುತ್ತದೆ.

"ಇಷ್ಟು ಚೆನ್ನಾಗಿ ಅಚ್ಚು ಹಾಕ್ತಿದ್ರಾ ಅವ್ರು?" ಎಂದು ಅಮ್ಮ ನನ್ನನ್ನು ಕೇಳಿದಳು. ಅವಳಿಗೆ ಗೊತ್ತೇ ಇರಲಿಲ್ಲ. ಸುಮಾರು ಹೊತ್ತು ಹಾಗೇ ನೋಡುತ್ತಾ ಕೂತಳು. ಆಮೇಲೆ ಅತ್ತಳು. ಜನವರಿಯಿಂದ ಈಚೆಗೆ ಅವಳು ಅತ್ತದ್ದು ಅದೊಂದೇ ಸಲ.

ಮಾರುವುದಿಲ್ಲ, ಸುಡುವುದೂ ಇಲ್ಲ. ಅಷ್ಟು ಮಾತ್ರ ತೀರ್ಮಾನವಾಗಿದೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಅಮ್ಮ ನಿಮ್ಮನ್ನು ಬರಹೇಳಿದ್ದಾಳೆ. "ಕಾಗದದಲ್ಲಿ ಬರ್ದದ್ದಾಯ್ತು, ಬಾಯಲ್ಲಿ ಹೇಳ್ಲಿ. ನಾನೂ ಅವನಿಗೆ ಹೇಳೋದಿದೆ" ಎಂದಳು. ಏನು ಹೇಳುತ್ತಾಳೋ ನನಗೆ ತಿಳಿಸಿಲ್ಲ.

ಯಾವುದಾದರೂ ಗುರುವಾರ ಮಧ್ಯಾಹ್ನ ಬನ್ನಿ. ನಾನು ಅಂಗಡಿಯಲ್ಲಿರುತ್ತೇನೆ, ಅಂಗಡಿ ಎರಡು ಬೀದಿ ಆಚೆ. ನೀವು ಹೋಗುವವರೆಗೆ ಮನೆಗೆ ಬರುವುದಿಲ್ಲ. ಬಾಗಿಲು ಒರಗಿಸಿರುತ್ತದೆ, ತಳ್ಳಿ ಒಳಗೆ ಹೋಗಿ. ಅಮ್ಮನಿಗೆ ಎರಡು ತಿಂಗಳಿಂದ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ಮೆಲ್ಲಗೆ ಹೇಳಿದರೆ "ಏನಂದ್ರಿ?" ಅನ್ನುತ್ತಾಳೆ. ಪ್ರತಿಯೊಂದು ಮಾತನ್ನೂ ಗಟ್ಟಿಯಾಗಿ ಹೇಳಬೇಕಾಗುತ್ತದೆ. ಅಕ್ಕಪಕ್ಕದ ಮನೆಯವರಿಗೂ ಕೇಳಿಸುತ್ತದೆ.

ಮಸಿಯಣ್ಣನ ಮಗಳು